ಡುಲೂತ್, ಮೂರನೇ ಸಂದರ್ಶನ

ಫೆಬ್ರವರಿ. ಸರೋವರ ಕಲ್ಲಾಗಿದೆ.
ಅಕ್ಕನ ಕೋಟು ತೊಟ್ಟಿದ್ದೇನೆ, ತೋಳು ಒಂದಂಗುಲ ಉದ್ದ,
ಒಳಗೆ ಬೆರಳು ಮಡಚಿಕೊಳ್ಳಲು ಅನುಕೂಲ.

ಮಲಗಲು ಸೋಫಾ ಕೊಟ್ಟ ಸಿಗ್ನೆ ಹೇಳಿದ್ದಳು:
"ಮನೆಯ ಕತೆ ಎತ್ತಬೇಡ,
ಅಳುವವರನ್ನು ಇಲ್ಲಿ ತೆಗೆದುಕೊಳ್ಳೋದಿಲ್ಲ."
ಅವಳ ಬೆಕ್ಕು ರಾತ್ರಿಯಿಡೀ ನನ್ನೆದೆಯ ಮೇಲೆ ಕೂತಿತ್ತು.

"ಮನಶ್ಶಾಸ್ತ್ರವೇ ಯಾಕೆ?"
ಕೇಳಿ ಸುಮ್ಮನಾದರು ಪ್ರೊಫೆಸರ್ ಹಾಲ್ವರ್‌ಸನ್.
ಆ ಮೌನ ನನಗೆ ಗೊತ್ತು, ಪುಸ್ತಕದಲ್ಲಿ ಓದಿದ್ದೇನೆ:
ಎದುರಿಗಿದ್ದವರು ತುಂಬಲೆಂದು
ಖಾಲಿ ಇಡುವ ಪಾತ್ರೆ.
ಹೀಟರ್ ಟಿಕ್ಕೆಂದಿತು. ಏಳರವರೆಗೆ ಎಣಿಸಿದೆ.
ಹನ್ನೊಂದು ತಿಂಗಳು ಮಾತಾಡದ ತಮ್ಮ
ಊಟದ ಮೇಜಿಗೆ ಬೆನ್ನು ಹಾಕಿ ಕೂತದ್ದು
ನಾಲಗೆಯ ತುದಿಗೆ ಬಂತು.
ನುಂಗಿದೆ.
"ಸಂಶೋಧನೆಯಲ್ಲಿ ಆಸಕ್ತಿ," ಎಂದೆ.

ಬರೆದುಕೊಂಡರು.

ಹೊರಗೆ ಮುಂದಿನ ಹುಡುಗ, ಟೈ ಬಿಗಿಯುತ್ತ:
"ಏನು ಕೇಳ್ತಾರೆ?"
"ಏನಿಲ್ಲ. ಸುಮ್ಮನಿರ್ತಾರೆ."