ನಾಲ್ಕು ನಿಮಿಷದ ಭಾಷಣ

ಬುಧವಾರದ ಬಸ್ಸು ಬಂದದ್ದು ಒಂದು ಗಂಟೆ ತಡವಾಗಿ.
ಅಷ್ಟರೊಳಗೆ ಗ್ಲಾಡಿಸ್ ಬಾಯಿಯ ಬುತ್ತಿ ಬಿಚ್ಚಿಯಾಗಿತ್ತು,
ಕಡಲು ನೋಡುತ್ತ ತಿನ್ನಬೇಕಿದ್ದ ಪತ್ರೊಡೆ
ಜೆಪ್ಪು ಸಭಾಭವನದ ಮೆಟ್ಟಿಲಲ್ಲೇ ಖಾಲಿ.
ಎಪ್ಪತ್ತು ದಾಟಿದವರು ನೀರಿಗೆ ಇಳಿಯಬಾರದೆಂದು
ನಾನೇ ಬರೆದು ಬೋರ್ಡಿಗೆ ಹಚ್ಚಿದ್ದೆ.
ಸೋಮೇಶ್ವರದಲ್ಲಿ ಮೊದಲು ಚಪ್ಪಲಿ ಕಳಚಿದವರು
ಎಪ್ಪತ್ತೆಂಟರ ಮನೋರಮಾ ಟೀಚರು.
ಸೀರೆ ಮೊಣಕಾಲಿಗೆ ಎತ್ತಿ, ಮೂರನೇ ಕ್ಲಾಸಿನ ದನಿಯಲ್ಲಿ
ತೆರೆಗಳಿಗೆ ಗದರಿದರು:
ನೂಕಬೇಡಿ, ಒಬ್ಬೊಬ್ಬರಾಗಿ ಬನ್ನಿ.

ಅದಕ್ಕೂ ಮೊದಲು ಸಕ್ಕರೆ ಕಾಯಿಲೆಯ ಉಪನ್ಯಾಸ.
ಡಾಕ್ಟರಮ್ಮ ಪರದೆಯ ಮೇಲೆ ಪಾದದ ಹುಣ್ಣು ತೋರಿಸುವಾಗ
ಹಿಂದಿನ ಬೆಂಚಿನಲ್ಲಿ ಕೈಯಿಂದ ಕೈಗೆ ದಾಟುತ್ತಿತ್ತು
ಯಾರದೋ ಮೊಮ್ಮಗಳ ನಿಶ್ಚಿತಾರ್ಥದ ಲಾಡು.
ಪ್ರಶ್ನೆ ಉಂಟಾ ಎಂದರೆ
ಬಾಯಿ ತುಂಬ ಮೌನ.

ಸೋಮವಾರ, ಗುರುವಾರ ಹೇಳುವಂಥದ್ದು ಏನಿಲ್ಲ.
ಕಾಗದದ ಹೂವು. ಹೌಸಿ ಹೌಸಿ. ಕರೆಂಟು ಹೋದದ್ದು.

ಶುಕ್ರವಾರದ ಪ್ರೊಫೆಸರರು ಬರಲೇ ಇಲ್ಲ.
ವಿಷಯ: ಇಳಿವಯಸ್ಸಿನಲ್ಲಿ ಉತ್ಸಾಹ.
ಮಧ್ಯಾಹ್ನ ಫೋನು, ತುಂಬ ಸುಸ್ತಂತೆ.
ಯಾರಾದರೂ ನಾಲ್ಕು ಮಾತಾಡಿ ಮಾರಾಯ್ರೆ, ಎಂದು ಬೇಡಿದೆ.
ಎಲ್ಲರೂ ಸೀಲಿಂಗು ನೋಡಿದರು.
ಆಗ ಎದ್ದವರು ಎಫ್ರಾಯಿಮಣ್ಣ,
ಇಷ್ಟು ವರ್ಷ ಕುರ್ಚಿ ಜೋಡಿಸಿ, ಫ್ಯಾನು ಆರಿಸಿ,
ಗುಡ್ ನೈಟ್ ಬಿಟ್ಟು ಬೇರೆ ಮಾತಾಡದವರು.
ಎದ್ದು ಸೀದಾ ಹೊರಗೆ ಹೋದರು.
ಮನೆಗೇ ಹೊರಟರೆಂದುಕೊಂಡೆವು.

ಬಂದರು, ಕೈಯಲ್ಲೊಂದು ಹಂಚು.
ಶೀಟು ಹೊದಿಸಲು ಮಾಡಿನಿಂದ ಇಳಿಸಿ
ಹಿತ್ತಿಲಲ್ಲಿ ಒಟ್ಟಿದ ರಾಶಿಯದ್ದು,
ಪಾಚಿ ಇನ್ನೂ ಕಪ್ಪಾಗಿತ್ತು.

‘ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ.
ಅಚ್ಚಿನಿಂದ ಬಿದ್ದ ಹಸಿ ಹಂಚು ಎತ್ತಿ
ಒಣಗುವ ಗೂಡಿಗೆ ಇಡುವುದು. ಅದೊಂದೇ.
ಮೆಲ್ಲ ಎತ್ತಬೇಕು, ಇಲ್ಲದಿದ್ದರೆ ಬೆರಳು ಕೂರುತ್ತದೆ.
ಕೂತರೆ ಮೇಸ್ತ್ರಿ ಬೈಗುಳ.
ಇಲ್ಲಿ ನೋಡಿ, ಮೂಲೆಯಲ್ಲಿ.
ಇದು ನನ್ನದಲ್ಲ, ಸಣ್ಣ ಬೆರಳು.
ಆಚೆ ಸಾಲಿನಲ್ಲಿ ಹೆಂಗಸರಿದ್ದರು.
ಅಷ್ಟೇ.’

ಕೂತುಬಿಟ್ಟರು.
ಚಪ್ಪಾಳೆ ಹೊಡೆಯಬೇಕಾ ಎಂದು ಯಾರಿಗೂ ತಿಳಿಯಲಿಲ್ಲ.
ಆಮೇಲೆ ಹಂಚು ಲಾಡಿನ ಹಾಗೇ ಕೈ ಬದಲಿಸಿತು.
ಎಲ್ಲರೂ ಆ ಗುಳಿಯಲ್ಲಿ ಹೆಬ್ಬೆರಳಿಟ್ಟು ನೋಡಿದರು.
ಟೀಚರದ್ದು ದಪ್ಪ. ನನ್ನದು ಉದ್ದ.
ಗ್ಲಾಡಿಸ್ ಬಾಯಿ ಮಾತ್ರ ಮುಟ್ಟಲಿಲ್ಲ,
ಕೈ ಎಣ್ಣೆ ಎಣ್ಣೆ, ಎಂದರು.
ಅವರ ಅಮ್ಮ ಯಾವ ಸಾಲಿನಲ್ಲಿದ್ದರೆಂದು
ಕೇಳುವಷ್ಟು ತಿಳಿವಳಿಕೆ ಆಗ ನನಗೆ ಹೊಳೆಯಲಿಲ್ಲ.

ಬೀಗ ಹಾಕಲು ಬಂದಾಗ ಟ್ಯೂಬ್‌ಲೈಟಿನಡಿ
ಅವರೊಬ್ಬರೇ, ಬೆನ್ನು ಈಚೆಗೆ.
ನಾನು ಚಪ್ಪಲಿಗೆ ಸ್ವಲ್ಪ ಸದ್ದು ಮಾಡಿಸಿದೆ.
ಬೈ ಬೈ ಎಂದು ಹೊರಟರು;
ಪತ್ರೊಡೆಯ ಚೀಲ
ಖಾಲಿಯಿದ್ದದ್ದು, ತೋಳನ್ನು ಕೆಳಗೆ ಜಗ್ಗುತ್ತಿತ್ತು.

ಹಂಚು ಕೊಳ್ಳಲು ಬಂದ ಬ್ಯಾರಿಯವರು
ಶನಿವಾರ ಎರಡು ಸಲ ಎಣಿಸಿದರು.
ಕೂಟದ ಪುಸ್ತಕದಲ್ಲಿ,
ಬಸ್ಸಿನ ಬಾಡಿಗೆ, ಚಾ, ಕಾಗದದ ಹೂವಿನ ತಂತಿ,
ಇವುಗಳ ಕೆಳಗೆ ನಾನು ಬರೆದೆ:
ಹಂಚು, ಒಂದು. ಒಡೆದದ್ದು.