ಮುಂಚಿನ ಪುಟ

ಕತ್ತಿನ ಹಿಂದಿನ ಒಂದೆಳೆ ಕತ್ತರಿಸಿ
ಲಕೋಟೆಗೆ ಹಾಕಿದಳು ಕಿಬ್ದೊದಿಂದ ಬಂದ ಹುಡುಗಿ.
ಪಾದರಸ ಅಳೆಯಬೇಕಂತೆ, ಕೇಸಿಗೆ.
‘ಒಂದು ಸೆಂಟಿಮೀಟರು ಅಂದ್ರೆ ಒಂದು ತಿಂಗಳು.’

ಹಾಗಾದರೆ ನಿಕೊಲಾಸಾಳ ಜಡೆ
ಮೂರು ವರ್ಷದ ದಿನಚರಿ:
ತುದಿಯಲ್ಲಿ, ಡ್ರೆಜ್ಜರು ಬರುವ ಮುಂಚಿನ ಬೊಕಾಚಿಕೊ ಮೀನು,
ನಡುವೆಲ್ಲೋ ಹೆರಿಗೆ,
ಬುಡದಲ್ಲಿ ಮೊನ್ನೆಯ ಸಾರು.

ಅತ್ರಾತೊ ನದಿಗೂ ಹಕ್ಕುಂಟು ಎಂದ ತೀರ್ಪು
ಪ್ಲಾಸ್ಟಿಕ್ ಚೀಲದಲ್ಲಿ ತೊಲೆಗೆ ನೇತಾಡುತ್ತಿದೆ,
ಗೆದ್ದಲು ಮುಟ್ಟದ ಹಾಗೆ.
ಅದರ ಕೆಳಗೇ ಮಲಗುತ್ತಾರೆ,
ಹೊಳೆಯಲ್ಲಿ ಯಂತ್ರ ಕೆಮ್ಮುವುದು ಕೇಳುತ್ತಾ.

‘ವಕೀಲರಿಗೆ ಇಷ್ಟು ಸಾಕಾ?’
ಉತ್ತರಕ್ಕೆ ಕಾಯದೆ
ಮಗಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು
ಬೈತಲೆ ತೆಗೆದಳು.

ಬೆರಳುದ್ದದ ಕೂದಲು.
ಮುಂಚಿನ ಪುಟವೇ ಇಲ್ಲ ಅದಕ್ಕೆ.