ಘಾಟಿಗೆ ಮೂಗು ಬೇಕಿಲ್ಲ

ಆ ಜ್ವರ ಬಿಟ್ಟು ಹೋಗಿ ಮೂರು ವರ್ಷ.
ಹೋಗುವಾಗ ಮೂಗನ್ನು ಇಲ್ಲೇ ಬಿಟ್ಟು
ವಾಸನೆಯನ್ನಷ್ಟೇ ಗಂಟು ಕಟ್ಟಿಕೊಂಡು ಹೋಯಿತು.
ಈಗ ಪೆಟ್ರೋಲ್ ಬಂಕಿನಲ್ಲಿ ದಿನಕ್ಕೆ ಹತ್ತು ತಾಸು ನಿಂತರೂ
ನನಗೆ ಅದು ಬರೀ ಮೀಟರಿನಲ್ಲಿ ಓಡುವ ಅಂಕಿ.

ಗ್ಯಾಸ್ ಸೋರಿದರೂ ತಿಳಿಯದವನು ಒಲೆ ಮುಟ್ಟಕೂಡದು,
ಇದು ದಾಕ್ಷಾಯಿಣಿಯ ಕಾನೂನು.
ಹಾಗಾಗಿ ಭಾನುವಾರ ನನ್ನ ಅಡುಗೆಮನೆ
ಸೀಗೆಹಟ್ಟಿಯ ಈ ತಾರಸಿ:
ಪೇಂಟಿನ ಹಳೇ ಡಬ್ಬಿ ಕೊರೆದು ಮಾಡಿದ ಒಲೆ,
ಇಸ್ತ್ರಿ ಅಂಗಡಿಯ ಮಾಚಪ್ಪ ಕೊಟ್ಟ ಎರಡು ಬೊಗಸೆ ಇದ್ದಿಲು,
ಬಣ್ಣಕ್ಕೆ ಬ್ಯಾಡಗಿ ಎಂಟು,
ಜಗಳಕ್ಕೆ ಜೀರಿಗೆಮೆಣಸು. ಅದನ್ನು ಎಣಿಸುವುದಿಲ್ಲ.

ಮೊದಲು ಟೊಮೆಟೊ. ಸಿಪ್ಪೆ ಬಿರಿದು
ಹಳೇ ಗೋಡೆಯ ಸುಣ್ಣದಂತೆ ಹಕ್ಕಳೆ ಏಳುವವರೆಗೆ.
ಈರುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದೊಳಗೆ ಹೂತು
ಮರೆತುಬಿಡಬೇಕು. ಬೆಳ್ಳುಳ್ಳಿಯನ್ನು ಮರೆಯಬಾರದು.
ಮೆಣಸಿನಕಾಯಿಗೆ ಮಾತ್ರ ಕಿವಿ ಕೊಡಬೇಕು:
ಉಸಿರೆಳೆದುಕೊಂಡಂತೆ ಉಬ್ಬುತ್ತದೆ,
ಆಮೇಲೆ ಒಳಗೆ ಬೀಜ ಚಿಟ್ ಅನ್ನುತ್ತದೆ.
ಮೂರನೇ ಚಿಟ್ಟಿಗೆ ಇಕ್ಕಳ.
ನಾಲ್ಕನೆಯದಕ್ಕೆ ಕಾದರೆ ಕಹಿ.
ಮೂಗಿದ್ದಾಗ ಕಲಿತದ್ದಲ್ಲ ಇದು.

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ತಬಸ್ಸುಮ್
ಸೀನಿ, ಬೈದು, ಮತ್ತೆ ಸೀನಿ
ಒದ್ದೆ ದುಪಟ್ಟಾ ಮೂಗಿಗೆ ಕಟ್ಟಿಕೊಂಡು
"ಇವತ್ತು ಜಾಸ್ತಿ ಮಾಡ್ರಿ" ಅಂತಾಳೆ.
ಕೆಳಗೆ ಬೀದಿಯಲ್ಲಿ ಸ್ಕೂಟರೊಂದು ಕೆಮ್ಮುತ್ತದೆ,
ಸವಾರ ಅದಕ್ಕಿಂತ ಜೋರಾಗಿ.
ನನಗೂ ಕಣ್ಣಲ್ಲಿ ನೀರು, ಗಂಟಲಲ್ಲಿ ಗರಗಸ.
ಘಾಟಿಗೆ ಮೂಗು ಬೇಕಿಲ್ಲ,
ಬಾಗಿಲು ಹಾಕಿದ್ದರೆ ಕಿಟಕಿಯಿಂದ ಬರುತ್ತದೆ.
ಇಡೀ ಕೇರಿಯ ಜೊತೆ ನಾನೂ ಕೆಮ್ಮುತ್ತೇನೆ
ಯಾರಿಗೂ ಕಡಿಮೆಯಿಲ್ಲದೆ.

ಕಲ್ಲಿನ ಕುಟ್ಟಾಣಿಯಲ್ಲಿ ಉಪ್ಪು, ಬೆಳ್ಳುಳ್ಳಿ, ಮೆಣಸು,
ಆಮೇಲೆ ಈರುಳ್ಳಿ, ಕೊನೆಗೆ ಟೊಮೆಟೊ.
ನುಣ್ಣಗಾಗಬಾರದು, ತರಿತರಿ ಇರಲಿ.
ತೀರ್ಥಹಳ್ಳಿ ಸಂತೆಯ ವಾಟೆಹುಳಿ ಪುಡಿ ಒಂದು ಚಿಟಿಕೆ.
ಬೆಲ್ಲ, ಇದೆ ಅಂತ ಯಾರಿಗೂ ಗೊತ್ತಾಗದಷ್ಟು.

ಖಾರವನ್ನು ನಾಲಿಗೆ ಹೇಳುತ್ತದೆ, ಹುಳಿಯನ್ನೂ.
ಹೊಗೆಯನ್ನು ಹೇಳುವವಳು ಮಗಳು.
ಬೆರಳದ್ದಿ ನೆಕ್ಕಿ, ಕಣ್ಣು ಮುಚ್ಚಿ, ವರದಿ:
ಒಂದು ವಾರ "ಕಾಮನನ್ನು ಸುಟ್ಟ ಮಾರನೇ ದಿನದ ಮೈದಾನ",
ಇನ್ನೊಂದು ವಾರ
"ಕರೆಂಟ್ ಬಂದ ಕೂಡಲೇ ಊದಿದ ಮೇಣದಬತ್ತಿ".
ಬಂಕಿನ ರಸೀದಿಗಳ ಹಿಂದೆ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ಇವತ್ತು ಬಹಳ ಹೊತ್ತು ಸುಮ್ಮನಿದ್ದಳು.
ರೊಟ್ಟಿ ಮುರಿದು ಮತ್ತೊಮ್ಮೆ ಅದ್ದಿದಳು.
"ಅಪ್ಪಾ, ಇದು ನಿನ್ನ ಅಂಗಿ ಥರ ಇದೆ.
ಭಾನುವಾರ ಸಂಜೆಯ ಅಂಗಿ."

ಅಂಗಿಯ ತುದಿ ಎತ್ತಿ ಮೂಗಿಗೆ ಹಿಡಿದೆ.
ಬಟ್ಟೆ ಬೆಚ್ಚಗಿತ್ತು. ಅಷ್ಟೇ.
ಜೇಬಿನಿಂದ ರಸೀದಿ ತೆಗೆದು ಅದನ್ನೂ ಬರೆದುಕೊಂಡೆ.
ಅರೆಗೋಡೆಯ ಮೇಲೆ ತಬಸ್ಸುಮ್ ಇಟ್ಟುಹೋದ ಬಟ್ಟಲು
ಬಿಸಿಲಿಗೆ ಕಾಯುತ್ತಿತ್ತು.
ತುಂಬಿಸಲು ಎದ್ದೆ.